ನೈಟ್ ಡ್ಯೂಟಿಯ ನಂತರ ಟೆಸ್ಟ್ ಡ್ರೈವ್

ಬಿಳಿ ಕಾರು ಮಾತಾಡುತ್ತದೆ.
ಬಾಗಿಲು ಹಾಕಿದ್ದೇ ಗುಡ್ ಈವ್ನಿಂಗ್ ಪ್ರೆಸಿಲ್ಲಾ ಅಂದಿತು,
ನಿಶ್ಮಿತ್ ಮೊದಲೇ ತುಂಬಿಸಿಟ್ಟ ಹೆಸರು.
ಪರದೆ ಅಂದರೆ ಪರದೆ, ಊಟದ ಎಲೆಯಷ್ಟು ಅಗಲ.
ಕುಂದಾಪುರದ ವರೆಗೆ ಚಾರ್ಜು ಸಾಕೇ,
ನಡುವೆ ಪಡುಬಿದ್ರಿಯಲ್ಲಿ ಯಾವ ಗನ್ನು ಕೆಟ್ಟಿದೆ,
ಎಲ್ಲ ಹೇಳಿತು. ನಿಶ್ಮಿತ್ ಕೈ ಕಟ್ಟಿ ಕೂತಿದ್ದ,
ಮಗು ಬಾಯಿಪಾಠ ಒಪ್ಪಿಸುವಾಗಿನ ಟೀಚರಂತೆ.

ವಲೇರಿಯನ್ ಸೋತೇ ಹೋದ.
ದಕ್ಕೆಯ ಐಸ್ ಪ್ಲಾಂಟಿನಲ್ಲಿ ಇಪ್ಪತ್ತು ವರ್ಷ
ಕಂಪ್ರೆಸರಿನ ಮೈಗೆ ಅಂಗೈ ಇಟ್ಟು ಕಾಯಿಲೆ ಕಂಡುಹಿಡಿದವ.
"ಕಿವಿ ಕೊಟ್ಟು ಕೊಟ್ಟು ಸಾಕಾಗಿದೆ ಮಾರಾಯ್ತಿ,
ಇದಾದರೂ ತನ್ನ ನೋವು ತಾನೇ ಹೇಳಲಿ."

ನನಗೆ ಕೇಳಿಸಿದ್ದು ಬರೀ ಬೀಪು.
ಗೆರೆ ದಾಟಿದರೆ ಬೀಪ್, ಬಸ್ಸು ಒರಸಿ ಹೋದರೆ ಬೀಪ್,
ನಮ್ಮೂರಿನ ಬಸ್ಸು ಒರಸದೆ ಯಾವಾಗ ಹೋಗಿದೆ?
ಹನ್ನೊಂದು ವರ್ಷ ಐಸಿಯುವಿನಲ್ಲಿ
ಈ ಶಬ್ದದ ಒಳಗೇ ಬದುಕಿದವಳು ನಾನು.
ನೂರರಲ್ಲಿ ತೊಂಬತ್ತು, ವಯರು ಸಡಿಲಾದದ್ದು,
ರೋಗಿ ಮಗ್ಗುಲು ಬದಲಿಸಿದ್ದು.
ಉಳಿದ ಹತ್ತಕ್ಕೆ ಓಡಬೇಕು.
ಯಾವ ಹತ್ತು ಎಂದು ಗೊತ್ತಾಗುವುದಕ್ಕೇ ನನಗೆ ಸಂಬಳ.
ಮತ್ತೆ, ಚಕ್ರದ ಕೆಳಗೆ ರಸ್ತೆ ಇತ್ತೋ ಇಲ್ಲವೋ,
ದಪ್ಪ ಗ್ಲೌಸು ಹಾಕಿ ನಾಡಿ ಹಿಡಿದ ಹಾಗೆ.

ನೀಲಿಯದು ಮಾತಾಡಲಿಲ್ಲ.
ಕೊಂಚಾಡಿಯ ಏರಿನಲ್ಲಿ ಕಾಲು ಒತ್ತಿದೆ,
ಕೇಳಿ ಮುಗಿಯುವ ಮೊದಲೇ ಕೊಟ್ಟಿತು.
ಕಾವೂರಿನ ತಿರುವಿನಲ್ಲಿ ಡಾಮರಿಗೆ ಎಲ್ಲಿ ತೇಪೆ,
ಎಲ್ಲಿ ಬರೀ ಜಲ್ಲಿ,
ಎಲ್ಲ ಅಂಗೈಗೆ ಬಂತು.
ನಾನು ನಗುತ್ತಿದ್ದೆನಂತೆ. ಆಮೇಲೆ ಅವನೇ ಹೇಳಿದ್ದು.

ಕೂಳೂರು ಸೇತುವೆಯ ನಡುವೆ ಪರದೆ ಸತ್ತಿತು.
ಸ್ಪೀಡಿಲ್ಲ, ಚಾರ್ಜಿಲ್ಲ,
ಕಪ್ಪು ಗಾಜಿನಲ್ಲಿ ನನ್ನದೇ ಮೂಗು.
"ಅಪ್ಡೇಟ್ ಬರ್ತದೆ ಮೇಡಂ, ಸರಿಯಾಗ್ತದೆ."
ಸರಿಯಾಗ್ತದೆ.
ವಾರ್ಡಿನ ಬಾಗಿಲಲ್ಲಿ ನಿಂತವರಿಗೆ
ನಾನೂ ಇದನ್ನೇ ಹೇಳುವುದು, ಇದೇ ಸ್ವರದಲ್ಲಿ.

ಮೂರು ದಿನ ಮನೆಯಲ್ಲಿ ತಕ್ಕಡಿ.
ಸೇತುವೆಯ ಮೇಲೆ ಕುರುಡಾಗುವ ಕಾರು ಯಾಕೆ, ಅಂದ.
ಪರದೆ ಬದಲಿಸಬಹುದು, ಬೆನ್ನೆಲುಬು ಬದಲಿಸಲಿಕ್ಕೆ ಆಗ್ತದಾ, ಅಂದೆ.
ಬಂಗುಡೆ ಸಾರು ತಣಿಯಿತು.

ಅವನಿಗೆ ಹೇಳದ ಲೆಕ್ಕ ಒಂದಿತ್ತು.
ಹೋದ ಆಗಸ್ಟಿನಲ್ಲಿ, ಡ್ಯೂಟಿ ಮುಗಿಸಿ ಬರುವಾಗ,
ನಂತೂರಿನಿಂದ ಪಣಂಬೂರಿನ ವರೆಗಿನ ರಸ್ತೆ
ನನಗೆ ನೆನಪಿಲ್ಲ.
ಕಣ್ಣು ತೆರೆದೇ ಇತ್ತು. ಹಳೆಯ ಕಾರು ಕುಳಾಯಿಗೆ ತಲುಪಿತ್ತು.

ನಿಶ್ಮಿತನಿಗೆ ಫೋನು ಮಾಡಿದೆ:
ಬೆಳಿಗ್ಗೆ ಆರೂವರೆ, ಆಸ್ಪತ್ರೆಯ ಗೇಟು, ಎರಡೂ ಕಾರು.
"ಶೋರೂಮು ತೆರೆಯುವುದೇ ಒಂಬತ್ತೂವರೆಗೆ ಮೇಡಂ."
ಬಂದ. ತಲೆ ಒದ್ದೆ, ಅಂಗಿ ಅರ್ಧ ಸಿಕ್ಕಿಸಿಕೊಂಡು,
ಹಿಂದಿನ ಕಾರಿನಲ್ಲಿ ಅವನ ಚಡ್ಡಿ ದೋಸ್ತಿ.

ಬಿಳಿಯದರಲ್ಲಿ ಕೆಪಿಟಿ ದಾಟುವಾಗ
ಪರದೆಯ ಮೂಲೆಯಲ್ಲಿ ಮೂಡಿತು
ಹಬೆಯಾಡುವ ಒಂದು ಕಾಫಿ ಕಪ್ಪು.
ದಣಿದಿದ್ದೀರಿ, ಸ್ವಲ್ಪ ಕೂತುಕೊಳ್ಳಿ.
ಹನ್ನೊಂದು ವರ್ಷದಲ್ಲಿ ಯಾರೂ ಹೇಳಿರಲಿಲ್ಲ.
ಗಂಟಲು ಕಟ್ಟಿತು. ಒಂದು ಚಿತ್ರಕ್ಕೆ!
ಏಸಿ ಜಾಸ್ತಿಯಾಯಿತೆಂದು ನಿಶ್ಮಿತ್ ಪಾಪ, ಕಡಿಮೆ ಮಾಡಿದ.

ಕೊಟ್ಟಾರ ಚೌಕಿಯಲ್ಲಿ ಮೂವರೂ ನಿಂತೇ ಕಾಫಿ ಕುಡಿದೆವು.
ಅಲ್ಲಿಂದ ನೀಲಿಯದು.
ಸೇತುವೆಯ ಜಾಯಿಂಟು ಒಂದೊಂದನ್ನೂ ಬೆನ್ನಿಗೆ ಎಣಿಸಿ ಕೊಟ್ಟಿತು.
ನದಿ ಟ್ರೇಯ ಬಣ್ಣದಲ್ಲಿತ್ತು,
ಒಂದು ದೋಣಿ, ಅದರಲ್ಲಿ ಮರಳಿರಲಿಲ್ಲ, ನಾಯಿಯಿತ್ತು.
ಎಲ್ಲ ನೆನಪಿದೆ.

ನೀಲಿಯದನ್ನೇ ಬರೆಸಿದೆವು.
ಅಪ್ಡೇಟು ಬಂತು. ಪರದೆ ಈಗ ಸಾಯುವುದಿಲ್ಲ,
ವೈಪರ್ ಮಾತ್ರ ಬಿಸಿಲಿಗೆ ತಾನಾಗಿ ಏಳುತ್ತದೆ.
ಕಾಫಿ ಕಪ್ಪು ಇನ್ನು ನಿನ್ನ ಕೆಲಸ ಎಂದಿದ್ದೇನೆ ವಲೇರಿಯನಿಗೆ.
ಆರು ಇಪ್ಪತ್ತಕ್ಕೆ ಫೋನು, ಕಂಪ್ರೆಸರಿನ ಗದ್ದಲದ ನಡುವಿನಿಂದ:
ಕುಡಿದೆಯಾ?

ಕೆಲವು ದಿನ ಮರೆಯುತ್ತಾನೆ.
ಆಗ ಗೇಟಿನ ಹೊರಗೆ, ಬೆಲ್ಟು ಹಾಕಿ,
ಕಪ್ಪಾಗಿಯೇ ಇರುವ ಫೋನನ್ನು ನೋಡುತ್ತ
ಎರಡು ನಿಮಿಷ ಕಾಯುತ್ತೇನೆ, ಹೊರಡದೆ.